ಕಾಳಿಯ ಕಲ್ಲಿನ ಮುಂದೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರು ಶಾಸನ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಕಲ್ಲು. 949-50ರದು. ಅದರಲ್ಲಿ ನಾಯಿಯೂ ಹಂದಿಯೂ ಕಾದಾಡುತ್ತಿರುವ ಕೆತ್ತನೆ ಇದೆ. ಮೊನ್ನೆ ಅಕ್ಕನ ಮಗಳನ್ನು ಕರ್ಕೊಂಡು ಹೋಗಿದ್ದೆ. ಅವಳಿಗೆ ಪದ್ಯ ಬರೆಯುವ ಹುಚ್ಚು. ಐದೇ ನಿಮಿಷಕ್ಕೆ ನೋಟ್‌ಬುಕ್ ಮುಂದೆ ಹಿಡಿದಳು. ಮೊದಲ ಸಾಲು: ‘ಓ ಮೂಕ ಶಿಲೆಯೇ, ಏನೆಲ್ಲ ಕಂಡೆ ನೀನು?’

ಆ ಸಾಲು ನನಗೆ ಹಿಡಿಸಲಿಲ್ಲ. ಮೂಕ ಯಾಕೆ? ಮೈಮೇಲೆಲ್ಲ ಕನ್ನಡ ಬರೆಸಿಕೊಂಡು ನಿಂತಿದೆಯಲ್ಲ!

ಕೂರಿಸಿಕೊಂಡು ಕಥೆ ಹೇಳಿದೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಜೊತೆ ದೊಡ್ಡ ಯುದ್ಧ. ಗಂಗರ ದೊರೆ ಬೂತುಗನ ಕಡೆ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ‘ಮೆಚ್ಚಿದೆ, ಏನು ಬೇಕೋ ಕೇಳು’ ಅಂದ ದೊರೆ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಒಟ್ಟಿಗೇ ಸತ್ತವು. ಅದಕ್ಕಾಗಿ ಈ ಕಲ್ಲು. ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಶೈವ ಪೂಜಾರಿ, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದ್ದಾರೆ. ಅಷ್ಟು ದೊಡ್ಡ ಯುದ್ಧದ ಸುದ್ದಿ ಇರುವ ಕಲ್ಲಿನಲ್ಲಿ ಒಂದು ನಾಯಿಗೆ ಇಷ್ಟು ಜಾಗ!

ಮ್ಯೂಸಿಯಂ ವಸ್ತುಗಳ ಮೇಲೆ ಪದ್ಯ ಬರೆಯುವವರು ಈಗ ಜಾಸ್ತಿ ಆಗಿದ್ದಾರೆ. ನನಗೆ ತುಂಬಾ ಖುಷಿ. ಆದರೆ ಬಹಳ ಪದ್ಯಗಳಲ್ಲಿ ‘ಕಾಲ’, ‘ಮೌನ’, ‘ಇತಿಹಾಸ’ ಇರುತ್ತವೆ, ವಸ್ತುವೇ ಇರುವುದಿಲ್ಲ. ಕಲ್ಲು ತೆಗೆದು ಕತ್ತಿ ಇಟ್ಟರೂ ಅದೇ ಪದ್ಯ ನಡೆಯುತ್ತದೆ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮೇಲೆ ಪದ ಕಟ್ಟಿದ್ದು ಹಾಗಲ್ಲ. ಅದರ ಗೂಟ ಹಿಡಿದು, ತಿರುಗಿಸುತ್ತಾ, ಆ ಕಲ್ಲನ್ನೇ ತಾಯಿ ಅಂತ ಕರೆದು ಹಾಡಿದರು. ಕೈಗೆ ಗೊತ್ತಿದ್ದದ್ದು ಬಾಯಿಗೆ ಬಂತು. ಗಾಜಿನ ಆಚೆ ಇಟ್ಟ ವಸ್ತುವನ್ನು ನಾವು ಮುಟ್ಟುವ ಹಾಗಿಲ್ಲ, ನಿಜ. ಹಾಗಾಗಿ ಇನ್ನೂ ಹೆಚ್ಚು ಹೊತ್ತು ನೋಡಬೇಕು, ಅಲ್ವಾ? ಸವೆದದ್ದು ಎಲ್ಲಿ, ಒಡೆದದ್ದು ಎಲ್ಲಿ, ಮಾಡಿದವನು ಯಾವುದಕ್ಕೆ ಜಾಸ್ತಿ ಶ್ರಮಪಟ್ಟಿದ್ದಾನೆ?

ಅವಳು ಆ ಪುಟ ಹರಿದಳು. ಮತ್ತೆ ಹೋಗಿ ಕಲ್ಲಿನ ಮುಂದೆ ಕೂತಳು. ಮುಕ್ಕಾಲು ಗಂಟೆ ಆಯಿತು. ಎದ್ದು ಬಂದು ಕೇಳಿದಳು, ‘ಮಾಮ, ಆವತ್ತು ರಾತ್ರಿ ಮಣಲೇರ ಊಟ ಮಾಡಿದನಾ?’

ಕಲ್ಲಿನಲ್ಲಿ ಅದು ಬರೆದಿಲ್ಲ. ಅಲ್ಲಿಂದಲೇ ಶುರು ಮಾಡು ಅಂದೆ.