ಸ್ಟೂಲ್ ಇಲ್ಲದ ಡೈನರ್

ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಹತ್ತಿರ ಹಳೇ ಕಾಲದ ಶೈಲಿಯ ಹೊಸ ಡೈನರ್ (ಅಮೆರಿಕದ ಸಾದಾ ಹೋಟೆಲ್) ಒಂದು ಶುರುವಾಗಿದೆ. ಕಪ್ಪು ಬಿಳುಪು ಚೌಕಗಳ ನೆಲ, ಕೆಂಪು ಸೀಟು, ನಿಯಾನ್ ದೀಪ, ಮೂಲೆಯಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್. ಒಳಗೆ ಕಾಲಿಟ್ಟರೆ 1950ರ ದಶಕ.

ಬರ್ಗರ್ ಚೆನ್ನಾಗಿದೆ ಅಂತ ತಿಂದವರೆಲ್ಲ ಹೇಳುತ್ತಾರೆ. ನಾನು ಸಸ್ಯಾಹಾರಿ, ನನಗೆ ಗ್ರಿಲ್ಡ್ ಚೀಸ್ ಮತ್ತು ಮಿಲ್ಕ್‌ಶೇಕ್. ಆ ಮಿಲ್ಕ್‌ಶೇಕ್ ಬಗ್ಗೆ ಎರಡು ಮಾತಿಲ್ಲ. ಎತ್ತರದ ಗಾಜಿನ ಲೋಟ ತುಂಬಿಸಿ, ಮಿಕ್ಕಿದ್ದನ್ನು ಕಡೆದ ಸ್ಟೀಲ್ ಲೋಟದಲ್ಲೇ ಪಕ್ಕಕ್ಕೆ ತಂದಿಡುತ್ತಾರೆ. ಸ್ಟೀಲಿನ ಹೊರಗೆಲ್ಲ ತಣ್ಣನೆಯ ನೀರಹನಿ. ಇನ್ನೂ ಅರ್ಧ ಲೋಟದಷ್ಟು ಸಿಗುತ್ತೆ. ಅದಕ್ಕೆ ಹಾಕುವ ಮಾಲ್ಟ್ ಪುಡಿಯ ಪರಿಮಳ ನಮಗೆ ಹೊಸದೇನಲ್ಲ. ಜ್ವರ ಬಂದಾಗ ಅಮ್ಮ ಕುಡಿಸುತ್ತಿದ್ದ ಹಾರ್ಲಿಕ್ಸ್ ಶುರುವಾಗಿದ್ದು ಇದೇ ದೇಶದಲ್ಲಿ, ವಿಸ್ಕಾನ್ಸಿನ್‌ನ ರಸೀನ್ ಊರಲ್ಲಿ. ಹಾರ್ಲಿಕ್ ಅಣ್ಣತಮ್ಮಂದಿರು 1883ರಲ್ಲಿ ಪೇಟೆಂಟ್ ಪಡೆದಿದ್ದರು.

ಇಷ್ಟೆಲ್ಲ ಇದ್ದೂ ಅಲ್ಲಿ ಕೌಂಟರ್ ಇಲ್ಲ. ಉದ್ದನೆಯ ಕಟ್ಟೆ, ಅದರ ಮುಂದೆ ಸಾಲಾಗಿ ತಿರುಗುವ ಸ್ಟೂಲ್‌ಗಳು, ಆಚೆ ಬದಿಯಲ್ಲಿ ಅಡುಗೆಯವರು. ಅದೇ ಇಲ್ಲ. ಇರುವುದೆಲ್ಲ ನಾಲ್ಕು ಜನ ಕೂರುವ ಬೂತ್‌ಗಳು, ಅಂದರೆ ಮೇಜಿನ ಎರಡೂ ಬದಿ ಎದುರುಬದುರು ಸೋಫಾದಂಥ ಸೀಟು. ಇದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ.

1872ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆ ಗಾಡಿಯಲ್ಲಿ ಊಟ ಮಾರಲು ಹೊರಟ. ಡೈನರ್‌ಗಳ ಮೂಲ ಅದೇ. ಹೋಟೆಲ್‌ಗಳು ಬಾಗಿಲು ಹಾಕಿದ ಮೇಲೂ ಹಸಿದಿರುವವರು ಇರುತ್ತಾರಲ್ಲ, ಪತ್ರಿಕೆಯಲ್ಲಿ ರಾತ್ರಿ ಪಾಳಿ ಮಾಡುವಂಥವರು, ಅವರೇ ಅವನ ಗಿರಾಕಿಗಳು. ಆಮೇಲೆ ಗಾಡಿಯೊಳಗೇ ಸ್ಟೂಲ್ ಬಂತು. ಮುಂದೆ ನಮ್ಮ ನ್ಯೂಜೆರ್ಸಿಯ ಕಾರ್ಖಾನೆಗಳಲ್ಲಿ ಇಡೀ ಡೈನರನ್ನೇ ಕಟ್ಟಿ ಬೇರೆ ಊರುಗಳಿಗೆ ಸಾಗಿಸುತ್ತಿದ್ದರು. ಸಾಗಿಸಬೇಕಾದ್ದರಿಂದ ಅಗಲ ಕಮ್ಮಿ, ಉದ್ದ ಜಾಸ್ತಿ. ಆ ಇಕ್ಕಟ್ಟಿನಲ್ಲಿ ಕೌಂಟರೇ ಮುಖ್ಯ ಜಾಗ. ಒಬ್ಬರೇ ಬಂದವರು ಅಲ್ಲಿ ಕೂತು, ತಿಂದು, ಬೇಕಿದ್ದರೆ ಪಕ್ಕದವರ ಹತ್ತಿರ ಎರಡು ಮಾತಾಡಿ ಎದ್ದು ಹೋಗಬಹುದಿತ್ತು. ಬೆಂಗಳೂರಿನ ದರ್ಶಿನಿಯಲ್ಲಿ ಒಬ್ಬರೇ ನಿಂತು ಇಡ್ಲಿ ತಿಂದರೆ ಯಾರಾದರೂ ತಿರುಗಿ ನೋಡುತ್ತಾರಾ? ಹಾಗೆಯೇ.

ಕಳೆದ ಶನಿವಾರ ಸಂಜೆ ಬಾಗಿಲ ಹತ್ತಿರ ವಯಸ್ಸಾದವರೊಬ್ಬರು ಒಂಟಿಯಾಗಿ ಕಾಯುತ್ತಿದ್ದರು. ಅವರ ಹಿಂದೆ ಬಂದ ಎರಡು ಕುಟುಂಬಗಳನ್ನು ಮೊದಲು ಕರೆದರು. ಒಬ್ಬರಿಗೆ ಇಡೀ ಬೂತ್ ಕೊಡುವುದು ಹೇಗೆ ಎಂಬ ಲೆಕ್ಕ ಇರಬೇಕು. ಅವರು ಕೋಟಿನ ಗುಂಡಿ ಹಾಕಿಕೊಂಡು ಸುಮ್ನೆ ಹೊರಟುಹೋದರು. ನನಗೆ ತುಂಬ ಬೇಜಾರಾಯಿತು.

ಇನ್ನೊಂದು ಮಾತು. ಆ ಸ್ಟೂಲ್ ಹಿಂದೆ ಎಲ್ಲರಿಗೂ ಸಿಗುತ್ತಿತ್ತು ಅಂತಲ್ಲ. 1960ರ ಫೆಬ್ರವರಿ 1ರಂದು ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಅದೇ ಅಂಗಡಿಯಲ್ಲಿ ಅವರಿಗೆ ಸಾಮಾನು ಮಾರುತ್ತಿದ್ದರು, ಕೂರಿಸಿ ಕಾಫಿ ಕೊಡುತ್ತಿರಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಜುಲೈ ಹೊತ್ತಿಗೆ ಅಂಗಡಿಯವರು ಮಣಿಯಲೇಬೇಕಾಯಿತು. ಆ ಕೌಂಟರಿನ ಒಂದು ಭಾಗ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಮ್‌ನಲ್ಲಿದೆ. ನಮ್ಮ ಸಂವಿಧಾನದ 15ನೇ ವಿಧಿಯಲ್ಲೂ ಅಂಗಡಿ, ಹೋಟೆಲ್‌ಗಳನ್ನು ಹೆಸರು ಹಿಡಿದೇ ಬರೆದಿದ್ದಾರೆ. ಯಾಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಜನ ಹಠ ಹಿಡಿದು ಗೆದ್ದ ಜಾಗ ಅದು. ಜೂಕ್‌ಬಾಕ್ಸ್ ಇಟ್ಟು ಅದನ್ನೇ ಬಿಟ್ಟರೆ ಹಳೇ ಕಾಲ ಅಂತ ಏನನ್ನು ಉಳಿಸಿಕೊಂಡ ಹಾಗಾಯಿತು?

ಮಾಲೀಕರ ಹತ್ತಿರ ಮಾತಾಡಿದ್ದೇನೆ. ಒಳ್ಳೆಯವರು, ಕೂತು ಕೇಳಿಸಿಕೊಂಡರು. ಅಡುಗೆಮನೆ ಕಿಟಕಿಯ ಉದ್ದಕ್ಕೂ ಐದಾರು ಸ್ಟೂಲ್ ಹಿಡಿಸುತ್ತೆ, ಆದರೆ ಎರಡು ಬೂತ್ ತೆಗೆಯಬೇಕಾಗುತ್ತೆ ಅಂದರು. ಗಿರಾಕಿಗಳು ಕೇಳಿದರೆ ಮಾಡಿಸುತ್ತಾರಂತೆ. ಈ ಕಡೆ ಇರುವ ಕನ್ನಡದವರು ಅಲ್ಲಿಗೆ ಹೋದಾಗ ದಯವಿಟ್ಟು ನೀವೂ ಒಂದು ಮಾತು ಕೇಳಿ.