ಮಾಜಾಳಿಯಲ್ಲಿ ಕಲಿತ ರೋಮಿಂಗ್

ರೋಮಿಂಗ್ ಎಂದರೆ ಏನೆಂದು ನಾನು ಕಲಿತದ್ದು ಯುರೋಪಿನಲ್ಲಲ್ಲ, ಕಾರವಾರದ ಮಾಜಾಳಿಯಲ್ಲಿ. 2006ರಲ್ಲಿ ಕಾರವಾರದಲ್ಲಿ ಮೊದಲ ನೌಕರಿ ಸಿಕ್ಕಿತು. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕಾಳಿ ನದಿಯ ಆಚೆ, ಸದಾಶಿವಗಡವನ್ನೂ ದಾಟಿ, ಗೋವಾ ಗಡಿಗೆ ತಾಗಿಕೊಂಡಿರುವ ಆ ಊರಿನಲ್ಲಿ ಕೋಣೆ ಹಿಡಿದಿದ್ದೆ. ಹಗಲೆಲ್ಲ ಸಭ್ಯವಾಗಿ ಇರುತ್ತಿದ್ದ ಮೊಬೈಲು ಸಂಜೆ ಬಡಗಣ ಕಿಟಕಿಯ ಹತ್ತಿರ ಇಟ್ಟೊಡನೆ ಗೋವಾದ ಟವರಿಗೆ ಜೋತುಬೀಳುತ್ತಿತ್ತು. ಟೆಲಿಕಾಂ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರದ ಸರ್ಕಲ್ಲಿಗೆ, ಅಂದರೆ ಸೇವಾ ವಲಯಕ್ಕೆ, ಸೇರಿದ್ದು. ನನ್ನ ಸಿಮ್ ಕರ್ನಾಟಕದ್ದು. ಹಾಗಾಗಿ ಶಿರಸಿಯ ಮನೆಯಿಂದ ಆಯಿ ಕರೆ ಮಾಡಿದರೆ, ಎತ್ತಿದ ತಪ್ಪಿಗೆ ನನ್ನ ಹಣ ಹೋಗುತ್ತಿತ್ತು. ನಾನು ಕೂತಿರುವ ಮಂಚ ಕರ್ನಾಟಕದಲ್ಲಿ, ನನ್ನ ಫೋನು ಮಾತ್ರ ಪರರಾಜ್ಯದಲ್ಲಿ!

ಉಪಾಯವೂ ಇತ್ತು. ರಿಂಗಾಗುವುದನ್ನು ನೋಡಿ ಎತ್ತದೆ ಬಿಡುವುದು, ಚಪ್ಪಲಿ ಮೆಟ್ಟಿಕೊಂಡು ದಕ್ಷಿಣಕ್ಕೆ ನಡೆಯುವುದು, ಪರದೆಯ ಮೇಲಿನ ಹೆಸರು ಬದಲಾದ ಕೂಡಲೇ ನಿಂತು ಮಾತನಾಡುವುದು. ಆಮೇಲೆ ಪಕ್ಕದ ಕೋಣೆಯ ಹುಡುಗನೊಬ್ಬ ನೆಟ್‌ವರ್ಕ್ ಆಯ್ಕೆಯನ್ನು ತಾನಾಗಿ ಹುಡುಕಲು ಬಿಡದೆ ಕೈಯಾರೆ ಹಿಡಿದು ನಿಲ್ಲಿಸುವುದು ಹೇಗೆಂದು ತೋರಿಸಿಕೊಟ್ಟ. ಆ ಒಂದು ವಿದ್ಯೆ ಇಂದಿಗೂ ಕೈಬಿಟ್ಟಿಲ್ಲ. ನಾನೀಗ ಇರುವ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಿಂದ ಜರ್ಮನಿಯ ದಕ್ಷಿಣದ ತುದಿಯವರೆಗೆ ಕಾರಿನಲ್ಲಿ ಹೋಗಿ ಬಾಸೆಲ್ ಸಮೀಪಿಸುವಾಗ ನಾನು ಮಾಡುವುದು ಮಾಜಾಳಿಯಲ್ಲಿ ಮಾಡಿದ್ದನ್ನೇ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಅದರ ಟವರಿಗೆ ಒಕ್ಕೂಟದ ಗಡಿಗಿಡಿಯ ಪರಿವೆಯೂ ಇಲ್ಲ.

ಒಕ್ಕೂಟದ ಒಳಗಿನ ಕತೆ ಬೇರೆ. ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ ಮೂರೂ ಕೂಡುವ ಜಾಗ ವಾಲ್ಸ್ ಎಂಬ ಊರಿನ ಗುಡ್ಡದ ಮೇಲಿದೆ. ಎತ್ತರ 322 ಮೀಟರ್. ನೆದರ್ಲೆಂಡ್ಸಿನವರು ಅದನ್ನು ಪರ್ವತ ಎನ್ನುತ್ತಾರೆ. ಶಿರಸಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ ಎಂದು ನಾನು ಹೇಳಲು ಹೋಗುವುದಿಲ್ಲ. ಅಲ್ಲಿ ಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಮೂರು ದೇಶ ಮುಗಿಯುತ್ತದೆ. ಫೋನು ಯಾವ ದೇಶದ ಟವರು ಹಿಡಿದರೂ ಬಿಲ್ಲು ಅಲುಗುವುದಿಲ್ಲ. 2017ರ ಜೂನ್ 15ರಿಂದ ಒಕ್ಕೂಟದ ಒಳಗೆ ರೋಮಿಂಗ್ ಶುಲ್ಕ ಇಲ್ಲ. ತಮಾಷೆಯೆಂದರೆ, ನಮ್ಮಲ್ಲಿಯೂ ಕಂಪನಿಗಳು ಒಂದೊಂದಾಗಿ ರಾಜ್ಯ ರಾಜ್ಯಗಳ ನಡುವಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟದ್ದು ಆಚೀಚೆ ಅದೇ ಹೊತ್ತಿನಲ್ಲಿ, ಜಿಯೋ ಬಂದ ಪೆಟ್ಟಿಗೆ. ಅಲ್ಲಿ ಕಾನೂನು ಮಾಡಿದ್ದನ್ನು ಇಲ್ಲಿ ಅಂಗಡಿಗಳ ಪೈಪೋಟಿ ಮಾಡಿತು.

ಗಡಿ ದಾಟಿದ ಒಂದು ಎಂಬಿ ಡೇಟಾಕ್ಕೆ ನಿಜಕ್ಕೂ ಎಷ್ಟು ಖರ್ಚು ಬೀಳುತ್ತದೆ ಎಂಬುದಕ್ಕೆ ಯುರೋಪಿನ ಲೆಕ್ಕವೇ ಸಾಕ್ಷಿ. 2012ರಲ್ಲಿ ಗ್ರಾಹಕನಿಂದ ಒಂದು ಎಂಬಿಗೆ ಗರಿಷ್ಠ 70 ಸೆಂಟ್ ಪಡೆಯಬಹುದಿತ್ತು. ಅದೂ ದರ ಇಳಿಸಿದ ಮೇಲಿನ ಮಿತಿ! ಹತ್ತು ವರ್ಷಗಳ ಬಳಿಕ ಕಂಪನಿ ಕಂಪನಿಗಳು ತಮ್ಮ ತಮ್ಮಲ್ಲಿ ಕೊಡುಕೊಳ್ಳುವ ಸಗಟು ದರಕ್ಕೆ ಹಾಕಿದ ಮಿತಿ ಇಡೀ ಒಂದು ಜಿಬಿಗೆ 2 ಯೂರೋ. 2027ಕ್ಕೆ ಅದು 1 ಯೂರೋ ಆಗಬೇಕು. ನಾವು ಇಷ್ಟು ವರ್ಷ ತೆತ್ತದ್ದು ದೂರಕ್ಕಲ್ಲ, ಲೆಕ್ಕದ ಪುಸ್ತಕದಲ್ಲಿ ಎಳೆದ ಗೆರೆಗೆ. ಮಾಜಾಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟು ಹೇಳಿ ಯುರೋಪನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಊರಿಗೆ ಹೋಗಿ ಬರುವ ನಮ್ಮಂಥವರ ಗಂಟು ಡೇಟಾದಲ್ಲಿಲ್ಲ, ಹತ್ತು ಅಂಕಿಯ ನಂಬರಿನಲ್ಲಿದೆ.

ನನ್ನ ಹಳೆಯ ಕರ್ನಾಟಕದ ನಂಬರು ಸತ್ತದ್ದು ಅಲಕ್ಷ್ಯದಿಂದ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಅದು ರದ್ದಾಗುತ್ತದೆ. ಖಾತೆಯಲ್ಲಿ 20 ರೂಪಾಯಿ ಉಳಿಸಿಟ್ಟಿದ್ದರೆ ಇನ್ನೊಂದು ತಿಂಗಳು ಉಸಿರಾಡುತ್ತಿತ್ತು. 20 ರೂಪಾಯಿ! ನಾನು ಅದನ್ನು ಐಂಡ್‌ಹೋವನ್‌ನ ಮೇಜಿನ ಖಾನೆಯಲ್ಲಿ ಹಾಕಿ ಮರೆತಿದ್ದೆ. ಒಂದು ವರ್ಷದ ಮೇಲೆ ಕುತೂಹಲಕ್ಕೆ ಆ ನಂಬರಿಗೆ ಕರೆ ಮಾಡಿದರೆ ಒಬ್ಬರು ಎತ್ತಿದರು. ನನಗೆ ಬರಬೇಕಾದ ಬ್ಯಾಂಕಿನ ಸಂದೇಶಗಳು ತಮಗೆ ಬರುತ್ತಿರುವುದಾಗಿ ಬೇಸರದಿಂದಲೇ ಹೇಳಿದರು. ಅಂದಿನಿಂದ ಊರಿನ ಖಾತೆಯನ್ನು ಅಪ್ಪಯ್ಯನ ಜೊತೆ ಜಂಟಿ ಮಾಡಿ ಅವರ ನಂಬರನ್ನೇ ಕೊಟ್ಟೆ. 2023ರಲ್ಲಿ ವಿದೇಶದ ನಂಬರಿನಿಂದಲೂ ಯುಪಿಐ ಬಳಸಬಹುದೆಂಬ ಅನುಮತಿ ಬಂದಾಗ ಹಿಗ್ಗಿದೆ. ಮೊದಲ ಪಟ್ಟಿಯಲ್ಲಿದ್ದ ಹತ್ತು ದೇಶಗಳಲ್ಲಿ ನೆದರ್ಲೆಂಡ್ಸ್ ಇರಲಿಲ್ಲ.

2019ರ ಬೇಸಿಗೆಯಲ್ಲಿ ಅಪ್ಪಯ್ಯ ಮತ್ತು ಆಯಿ ಇಲ್ಲಿಗೆ ಬಂದರು. ಅವರ ಕಂಪನಿಯ ರೋಮಿಂಗ್ ಪ್ಯಾಕಿನ ದರ ನೋಡಿ ಭಾವ ಊರಿನಿಂದಲೇ ಫೋನಿನಲ್ಲಿ ಕೂಗಾಡಿದರು: ನಾಲ್ಕು ದಿನದ ದುಡ್ಡಿನಲ್ಲಿ ಇಲ್ಲಿ ಎಷ್ಟು ತಿಂಗಳು ಓಡಿಸಬಹುದು ಗೊತ್ತೇ ಎಂದು. ನನಗೂ ಸರಿಯೆನಿಸಿತು. ನೆದರ್ಲೆಂಡ್ಸಿನಲ್ಲಿ ಪ್ರೀಪೇಯ್ಡ್ ಸಿಮ್ಮಿಗೆ ಗುರುತಿನ ಚೀಟಿ ಕೇಳುವುದಿಲ್ಲ. ಹಾಲು, ಬ್ರೆಡ್ಡಿನ ಜೊತೆ ಬುಟ್ಟಿಗೆ ಹಾಕಿಕೊಂಡು ಬರುವುದು ಅಷ್ಟೆ. ಪಕ್ಕದ ಜರ್ಮನಿಯಲ್ಲಿ 2017ರಿಂದ ಗುರುತು ತೋರಿಸಲೇಬೇಕು. ಹಾಗೆ ತಂದ ಸಿಮ್ಮನ್ನು ಅಪ್ಪಯ್ಯನ ಫೋನಿಗೆ ಹಾಕಿದೆ. ಸಿಮ್ ಹಾಕಲು ಇದ್ದದ್ದು ಒಂದೇ ಜಾಗ. ಹೊರತೆಗೆದ ಸಿಮ್ಮನ್ನು ಅಪ್ಪಯ್ಯ "ಇಲ್ಲಿ ಕೊಡು ತಮಾ, ನಿನ್ನ ಕೈಯಲ್ಲಿ ಉಳಿಯುವುದಿಲ್ಲ" ಎಂದು ಇಸಿದುಕೊಂಡರು.

ಮೊದಲ ದಿನ ಎಲ್ಲರಿಗೂ ವಿಡಿಯೊ ಕರೆ, ಟ್ಯುಲಿಪ್, ಗಾಳಿಯಂತ್ರ. ಎರಡನೆಯ ದಿನ ಅಪ್ಪಯ್ಯ ಹತ್ತು ಸಲ ಫೋನು ನೋಡಿದರು. ಮೂರನೆಯ ದಿನ ಕೇಳಿದರು: "ಅಡಿಕೆ ರೇಟು ಯಾಕೆ ಬಂದಿಲ್ಲ?" ಶಿರಸಿ ಮಾರುಕಟ್ಟೆಯ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟುಗಳ ದರ ಅವರಿಗೆ ದಿನವೂ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. ಮಾರುವುದಕ್ಕೆ ಮನೆಯಲ್ಲಿ ಒಂದು ಮೂಟೆಯೂ ಉಳಿದಿರಲಿಲ್ಲ. ಆದರೂ ರೇಟು ತಿಳಿಯದೆ ಅವರಿಗೆ ದಿನ ಬೆಳಗಾಗುವುದಿಲ್ಲ. ಅದೇ ಸಂಜೆ ತೋಟದ ಕೆಲಸದವರ ಹಣ ಕಳುಹಿಸಲು ನಾನು ಕೂತೆ. ಒಟಿಪಿ ಹೋಗಿದ್ದು ಇಲ್ಲದ ಸಿಮ್ಮಿಗೆ. ಸಿಮ್ ಎಲ್ಲಿ? ಕವಳದ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಮುಚ್ಚಳದ ಒಳಗೆ, ಭದ್ರವಾಗಿ. ಸುಣ್ಣ ಮೆತ್ತಿದ ಆ ಚೂರನ್ನು ಹತ್ತಿಯಲ್ಲಿ ಒರೆಸಿ ಹಾಕಿದರೂ ಪ್ರಯೋಜನವಾಗಲಿಲ್ಲ. ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿಕೊಂಡೇ ಬಂದಿರಲಿಲ್ಲ. ಮಾಡಿಸಿದ್ದರೆ ಒಳಬರುವ ಎಸ್ಸೆಮ್ಮೆಸ್ಸಿಗೆ ಒಂದು ಪೈಸೆಯೂ ಬೀಳುತ್ತಿರಲಿಲ್ಲ. ಡೇಟಾ ಉಳಿಸಲು ಹೋದ ನಾನು ನಂಬರನ್ನೇ ಕಳೆದಿದ್ದೆ.

ಆದ್ದರಿಂದ ಭಾವನ ಮಾತಿಗೆ ವಿರುದ್ಧವಾಗಿ ಈಗ ನನ್ನ ಅನಿಸಿಕೆ ಹೀಗಿದೆ. ಅರವತ್ತು ದಾಟಿದವರು ಮೊದಲ ಸಲ ವಿದೇಶಕ್ಕೆ ಹೊರಟರೆ ಊರಿನ ಕಂಪನಿಯ ರೋಮಿಂಗ್ ಪ್ಯಾಕನ್ನೇ ಹಾಕಿಸಿ, ಕನಿಷ್ಠ ಪ್ರಯಾಣದ ದಿನಗಳಿಗಾದರೂ. ವಿಮಾನ ತಪ್ಪಿ ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಕೂತವರಿಗೆ ಫೋನು ತೆರೆದ ಕೂಡಲೇ ಎಂದಿನಂತೆ ನಡೆಯಬೇಕು. ಪಿನ್ನು ಚುಚ್ಚಿ ಸಿಮ್ ಬದಲಿಸುವ ಕಸರತ್ತು ಆ ಹೊತ್ತಿನಲ್ಲಿ ಬೇಡ. ಆ ಹಣ ಡೇಟಾಕ್ಕಲ್ಲ, ನಿಮ್ಮ ನೆಮ್ಮದಿಗೆ. ಉಳಿದವರಿಗೆ, ಅಂದರೆ ನನ್ನಂಥ ಜಿಪುಣರಿಗೆ, ಇ-ಸಿಮ್: ಕೈಗೆ ಸಿಗುವ ಚೂರಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಊರಿನ ಸಿಮ್ಮು ಇದ್ದಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಬಂದ್ ಮಾಡಿ. ಇಂಟರ್ನೆಟ್ಟು ಇ-ಸಿಮ್ಮಿನಿಂದ, ಒಟಿಪಿ ಊರಿನ ಸಿಮ್ಮಿನಿಂದ. ಒಂದು ಸಂಗತಿ ಎಲ್ಲರೂ ಮರೆಯುತ್ತಾರೆ: ಇ-ಸಿಮ್ ಇಳಿಸಿಕೊಳ್ಳುವುದಕ್ಕೇ ಇಂಟರ್ನೆಟ್ ಬೇಕು. ವಿಮಾನ ಇಳಿದ ಮೇಲೆ ನೋಡೋಣ ಎಂದರೆ, ಬಾವಿಗೆ ಇಳಿದ ಮೇಲೆ ಹಗ್ಗ ಹುಡುಕಿದ ಹಾಗೆ. ಅಪ್ಪಯ್ಯ 2023ರಲ್ಲಿ ಎರಡನೆಯ ಸಲ ಹೊರಟಾಗ ಮನೆಯಲ್ಲೇ ಹಾಕಿಸಿದೆವು. ನಾನು ಕಳುಹಿಸಿದ ಕ್ಯೂಆರ್ ಕೋಡು ಅವರ ಫೋನಿನಲ್ಲೇ ಇತ್ತು. ಅದನ್ನು ಅದೇ ಫೋನಿನ ಕ್ಯಾಮೆರಾಕ್ಕೆ ತೋರಿಸುವುದು ಹೇಗೆ? ಕೊನೆಗೆ ಪಕ್ಕದ ಮನೆಯ ಹೆಗಡೆಯವರ ಫೋನಿಗೆ ಕಳುಹಿಸಿ, ಎರಡು ಫೋನುಗಳನ್ನು ಎದುರುಬದುರು ಹಿಡಿದು, ಹುಡುಗಿ ನೋಡುವ ಶಾಸ್ತ್ರದಂತೆ ಮುಗಿಸಿದರು.

ಹೀಗೆ ಅಗ್ಗವಾಗಿ ಸಿಗುವ ಪ್ರವಾಸಿ ಇ-ಸಿಮ್ಮುಗಳಲ್ಲಿ ಹೆಚ್ಚಿನವಕ್ಕೆ ಫೋನ್ ನಂಬರೇ ಇರುವುದಿಲ್ಲ. ಒಳಗೆ ಇನ್ನಾವುದೋ ಮೂರನೆಯ ದೇಶದ ಕಂಪನಿಯ ಸಿಮ್ ಇರುತ್ತದೆ. ರೋಮಿಂಗಿನಲ್ಲಿ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯವರೆಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ಎಲ್ಲಿಗೆ ಹೋದರೂ ಮನೆಯ ಬಾವಿಯ ನೀರನ್ನೇ ತರಿಸಿಕೊಂಡು ಕುಡಿದ ಹಾಗೆ. ಇದರಿಂದ ದೂರದ ದೇಶಗಳಲ್ಲಿ ವೇಗ ಕುಂದುತ್ತದೆ. ಲಾಭವೂ ಉಂಟು. ಚೀನಾಕ್ಕೆ ಹೋದ ನಮ್ಮ ಕಚೇರಿಯವರಿಗೆ ಅಲ್ಲಿಯ ಸಿಮ್ಮಿನಲ್ಲಿ ತೆರೆಯದ ಗೂಗಲ್ಲು ನೆದರ್ಲೆಂಡ್ಸಿನ ಸಿಮ್ಮಿನಲ್ಲಿ ತೆರೆಯುತ್ತದೆ. ಕೊಲ್ಲಿಯ ಕಷ್ಟ ಇನ್ನೊಂದು ಬಗೆಯದು. ಕಳೆದ ಸಲ ಬಸ್ಸಿನಲ್ಲಿ ಜೊತೆಗೆ ಕೂತಿದ್ದ ಭಟ್ಕಳದ ಹಿರಿಯರೊಬ್ಬರು ದುಬೈನಲ್ಲಿ ಇಪ್ಪತ್ತು ವರ್ಷ ಇದ್ದವರು. ಅಲ್ಲಿ ಇಂಟರ್ನೆಟ್ಟು ಮಿಂಚಿನಂತೆ ಓಡುತ್ತದೆ, ಆದರೆ ವಾಟ್ಸಾಪಿನಲ್ಲಿ ಮನೆಗೆ ಮಾತನಾಡಲು ಹೋದರೆ ತಗಲುವುದಿಲ್ಲ, ಅನುಮತಿ ಇರುವ ಆ್ಯಪನ್ನೇ ಹಾಕಿಕೊಳ್ಳಬೇಕು ಎಂದರು. ರಸ್ತೆ ನುಣುಪಾಗಿದೆ, ನಿಮ್ಮ ಗಾಡಿಗೆ ಮಾತ್ರ ಪ್ರವೇಶವಿಲ್ಲ!

ತಿರುಗುಮುರುಗಾಗಿ ನೋಡಿದರೆ ಭಾರತವೂ ಪರದೇಶವೇ ಅಲ್ಲವೇ? ನನ್ನ ಮಾತು ಕೇಳಿ ಗೋಕರ್ಣಕ್ಕೆ ಹೋದ ನೆದರ್ಲೆಂಡ್ಸಿನ ಸಹೋದ್ಯೋಗಿಯೊಬ್ಬ ಅಲ್ಲಿ ಸಿಮ್ ಕೊಳ್ಳಲು ಅಂಗಡಿಗೆ ಹೋದ. ಪಾಸ್‌ಪೋರ್ಟ್, ವೀಸಾ, ಫೋಟೊ ಎಲ್ಲ ಕೊಟ್ಟ ಮೇಲೆ ಅಂಗಡಿಯವನು ಪರಿಚಯದವರ ಭಾರತದ ನಂಬರು ಕೊಡಿ, ಅದಕ್ಕೆ ಒಟಿಪಿ ಬರುತ್ತದೆ ಎಂದ. ಸಿಮ್ ಪಡೆಯಲು ಮೊದಲೇ ಸಿಮ್ ಇರುವವರು ಬೇಕು! ಅವನು ನನಗೆ ಬರೆದ, ನಾನು ಅಪ್ಪಯ್ಯನ ನಂಬರು ಕೊಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಿದ್ದ ಅಪ್ಪಯ್ಯ ಎಡಗೈಯಲ್ಲಿ ಫೋನು ಹಿಡಿದು, ಗೋಕರ್ಣದ ಅಂಗಡಿಯವನಿಗೆ ಅಂಕಿಗಳನ್ನು ಓದಿ ಹೇಳಿದರು. ಅವನಿಗೆ ಸಿಮ್ ಬಂತು. ಓಂ ಬೀಚಿನ ದಾರಿಯಲ್ಲಿ ಎಳನೀರು ಮಾರುವವನ ಕ್ಯೂಆರ್ ಕೋಡಿಗೆ ಹಣ ಹಾಕಲು ಮಾತ್ರ ಆಗಲಿಲ್ಲ, ಚಿಲ್ಲರೆಗೆ ಪರದಾಡಿದ. ಭಾರತದಲ್ಲಿ ಡೇಟಾ ಇಷ್ಟು ಅಗ್ಗ, ಆದರೆ ಪಡೆಯುವುದು ಇಷ್ಟು ಕಷ್ಟವೇಕೆ ಎಂದು ಬಂದ ಮೇಲೆ ಕೇಳಿದ. ನಮ್ಮಲ್ಲಿ ಸಿಮ್ ಎಂದರೆ ಇಂಟರ್ನೆಟ್ಟಿನ ಕೊಳವೆಯಲ್ಲ, ಅದು ಆಳಿನ ಗುರುತು, ಕುಲಗೋತ್ರ ಇದ್ದ ಹಾಗೆ ಎಂದೆ. 2024ರ ಜನವರಿಯಲ್ಲಿ ಸರ್ಕಾರ ಎರಡು ವಿದೇಶಿ ಇ-ಸಿಮ್ ಆ್ಯಪುಗಳನ್ನು ಭಾರತದಲ್ಲಿ ತೆಗೆಸಿದ್ದರ ಹಿಂದಿನ ಆತಂಕವೂ ಅದೇ: ಯಾರ ಕೈಯಲ್ಲಿದೆ ಎಂದು ತಿಳಿಯದ ನಂಬರಿನಿಂದ ವಂಚನೆ ನಡೆಯುತ್ತದೆ ಎಂಬುದು. ಆತಂಕ ಸುಳ್ಳಲ್ಲ. ಆದರೆ ಹಾಲಿನ ಜೊತೆ ಸಿಮ್ ಮಾರುವ ದೇಶದಲ್ಲಿದ್ದು ನೋಡಿದರೆ, ಬಿಗಿ ಮಾಡಬೇಕಾದದ್ದು ಸಿಮ್ ಅಂಗಡಿಯನ್ನೋ, ಎಲ್ಲದಕ್ಕೂ ಒಂದೇ ಸಿಮ್ಮಿಗೆ ಒಟಿಪಿ ಕಳುಹಿಸುವ ಪದ್ಧತಿಯನ್ನೋ ಎಂಬ ಅನುಮಾನ ನನಗೆ ಹೋಗಿಲ್ಲ.

ಆ ಒಂದು ಸಿಮ್ಮಿನ ಪಾಡೇನು ಎಂದು ನೋಡಬೇಕಾದರೆ ಮಳೆಗಾಲದಲ್ಲಿ ನಮ್ಮ ಮನೆಗೆ ಬರಬೇಕು. ತೋಟದ ತಗ್ಗಿನಲ್ಲಿರುವ ಮನೆಗೆ ಸಿಗ್ನಲ್ ಬರುವುದು ಜಗುಲಿಯ ಒಂದು ಕಿಟಕಿಯಲ್ಲಿ ಮಾತ್ರ. ಅಪ್ಪಯ್ಯ ಅಲ್ಲಿ ಮೊಳೆ ಹೊಡೆದು ಫೋನಿಗೊಂದು ಚೀಲ ತೂಗುಹಾಕಿದ್ದಾರೆ. 2020ರಲ್ಲಿ ಸುತ್ತಲಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ ಕೂತಿದ್ದರು. ಈಗ ಮನೆಗಳಿಗೆ ಫೈಬರ್ ಬಂದಿದೆ, ವಿಡಿಯೊ ಕರೆ ಚೆನ್ನಾಗಿಯೇ ನಡೆಯುತ್ತದೆ. ಎಸ್ಸೆಮ್ಮೆಸ್ಸು ಮಾತ್ರ ಬೆಟ್ಟದ ಮೇಲಿನ ಟವರನ್ನೇ ನಂಬಿದೆ. ಗಾಳಿಮಳೆಗೆ ವಿದ್ಯುತ್ ಹೋಗಿ ಬ್ಯಾಟರಿ ಮುಗಿದರೆ ಟವರು ಮಲಗುತ್ತದೆ.

ಕಳೆದ ಜುಲೈಯಲ್ಲಿ ಆಯಿಯ ವಿಮೆಯ ಕಂತು ಕಟ್ಟಲು ಕೊನೆಯ ದಿನ. ನಾನು ಐಂಡ್‌ಹೋವನ್‌ನಲ್ಲಿ ಕೂತು ಒತ್ತಿದೆ, ಪರದೆಯಲ್ಲಿ ಸೆಕೆಂಡುಗಳು ಇಳಿಯತೊಡಗಿದವು. ವಿಡಿಯೊ ಕರೆಯಲ್ಲಿ ಅಪ್ಪಯ್ಯನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಹಿಂದೆ ಸುರಿಯುವ ಮಳೆಯ ಸದ್ದೂ ಕೇಳುತ್ತಿತ್ತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ದಿನವೂ ಎಚ್ಚರಿಸುತ್ತದೆ. ಅಪ್ಪಯ್ಯ ಅದನ್ನು ತೋಟಕ್ಕೆಲ್ಲ ಕೇಳುವಂತೆ ಓದುವವರು. ಅಂದು ಓದಲು ಏನೂ ಇರಲಿಲ್ಲ. ಚೀಲದಿಂದ ಫೋನು ತೆಗೆದು ನೋಡಿದರು, ಮತ್ತೆ ಇಟ್ಟರು.

"ಟವರಿಗೆ ಡೀಸೆಲ್ ತರಲು ಜೀಪು ಹೋಗಿದೆಯಂತೆ ತಮಾ" ಎಂದರು. "ದಾರಿಗೆ ಮರ ಬಿದ್ದಿದೆ. ನೀನು ಊಟ ಮಾಡಿ ಬಾ."