ಕನ್ನಡಿಯಲ್ಲಿ ‘ಬಾಡಿಗೆಗೆ ಇದೆ’

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ, 1898ರ ಪ್ಲೇಗಿನ ತರುವಾಯ ಊರು ಹೊರಕ್ಕೆ ಬೆಳೆದ ಕಾಲದ ಚಹರೆಯನ್ನು ಇನ್ನೂ ಉಳಿಸಿಕೊಂಡಿದ್ದ ಹಂಚಿನ ಮನೆಯೊಂದಿತ್ತು. ಮುಂಬಾಗಿಲ ಮೇಲೆ ಕುಲಾವಿಯಂತೆ ಚೂಪಾದ ಮರದ ಮಂಕಿ ಟಾಪ್, ಅದರ ಕೆಳಗೆ ಜಾಲರಿ, ಎಡಗಡೆ ಒಂದು ಸಂಪಿಗೆ ಮರ, ಗೇಟಿಗೆ ತಂತಿಯಲ್ಲಿ ಬಿಗಿದ ‘ಬಾಡಿಗೆಗೆ ಇದೆ’ ಎಂಬ ತಗಡಿನ ಫಲಕ. ಇದನ್ನು ಲಿನೋ ಹಾಳೆಯಲ್ಲಿ ಕೆತ್ತಿ, 12 ಪ್ರತಿ ಅಚ್ಚು ತೆಗೆದು, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಒಯ್ಯಬೇಕೆಂದು ನವೆಂಬರ್ ತಿಂಗಳಲ್ಲಿ ನಿಶ್ಚಯಿಸಿದೆ. ಸಮಯ ಧಾರಾಳವಾಗಿದೆ ಎಂದುಕೊಂಡದ್ದೇ ಮೊದಲ ತಪ್ಪು.

ನನ್ನ ಸ್ಟುಡಿಯೋ ಎಂದರೆ ನಮ್ಮ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಹಿಂದೆ ಹಳೆಯ ದಿನಪತ್ರಿಕೆಗಳನ್ನು ಕಟ್ಟಿಡುತ್ತಿದ್ದ ಕೋಣೆ. ಅದನ್ನು ನನಗೆ ಬಿಟ್ಟುಕೊಡುವಾಗ ಅತ್ತೆಯವರು ಒಂದು ಷರತ್ತು ಹಾಕಿದ್ದರು: ಮಳೆ ಬಂದರೆ ಬಟ್ಟೆ ಒಣಗುವುದು ಅಲ್ಲಿಯೇ. ಈ ಷರತ್ತಿನ ಆಳ ನನಗೆ ಆಗ ಅರಿವಾಗಿರಲಿಲ್ಲ.

ಲಿನೋ ಎಂಬುದು ಮೂಲತಃ ನೆಲಕ್ಕೆ ಹಾಸುವ ವಸ್ತು. ಅಗಸೆ ಎಣ್ಣೆಯನ್ನು ಗಟ್ಟಿಯಾಗಿಸಿ, ಕಾರ್ಕ್ ಪುಡಿಯೊಡನೆ ಬೆರೆಸಿ, ಗೋಣಿಬಟ್ಟೆಯ ಮೇಲೆ ಒತ್ತಿ ಹಾಳೆ ಮಾಡುವ ವಿದ್ಯೆಯನ್ನು ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಕಂಡುಕೊಂಡ. ನಾವು ಹಚ್ಚುವ ಶಾಯಿಗೂ ಅದೇ ಅಗಸೆ ಎಣ್ಣೆಯೇ ಆಧಾರ. ಧಾರವಾಡದ ಕಡೆಯವರಾದ ನಮ್ಮ ಅತ್ತೆಗೆ ಇದನ್ನು ವಿವರಿಸಿದಾಗ ಅವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ರೊಟ್ಟಿ ಕೂಡ ಹಿಂಡಿ ಮಾಡಿ ತಿನ್ನೋ ಅಗಸಿನ್ನ ತಂದು ಹಿಂಗ ಕೆತ್ತಿ ಕೆಡಸ್ತೀಯಲ್ಲ” ಎಂದು ನೊಂದುಕೊಂಡರು. ಬೆಂಗಳೂರಿನ ಡಿಸೆಂಬರ್ ಚಳಿಗೆ ಲಿನೋ ಬಿರುಸಾಗುತ್ತದೆ. ಉಳಿ ಜಾರಿ ಎಡಗೈ ಹೆಬ್ಬೆರಳನ್ನು ಹುಡುಕಿಕೊಂಡು ಹೋಗುತ್ತದೆ. ಬಿಸಿಲಿದ್ದರೆ ತಾರಸಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು, ಬೆಣ್ಣೆಯಂತೆ ಕೆತ್ತಬಹುದು. ಬಿಸಿಲಿಲ್ಲದ ದಿನ ಇಸ್ತ್ರಿಪೆಟ್ಟಿಗೆ ಬಳಸಿದೆ. ಮರುದಿನ ನಮ್ಮವರ ಪ್ಯಾಂಟಿನಿಂದ ಕಾರ್ಕಿನ ವಾಸನೆ ಬರುತ್ತಿತ್ತಂತೆ. ಅದು ಅವರ ಕಲ್ಪನೆ ಎಂದು ಸಾಧಿಸಿದ್ದೇನೆ.

ಅಚ್ಚಿನಲ್ಲಿ ಎಲ್ಲವೂ ತಿರುಗುತ್ತದೆ. ಆದ್ದರಿಂದ ಫೋಟೋದ ಮೇಲೆ ತೆಳುಕಾಗದವನ್ನಿಟ್ಟು ಪೆನ್ಸಿಲ್ಲಿನಲ್ಲಿ ಗೀಟಿಕೊಂಡು, ಆ ಕಾಗದವನ್ನು ಬೋರಲಾಗಿ ಲಿನೋ ಮೇಲೆ ಹಾಕಿ ಉಜ್ಜಿದರೆ ಚಿತ್ರ ತಿರುಗಿ ಕೂರುತ್ತದೆ, ಅಚ್ಚಾದಾಗ ನೇರವಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ದುರದೃಷ್ಟವಶಾತ್, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮವರಿಗೂ ಗೊತ್ತಿತ್ತು. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಡಿ ಎಂದಿದ್ದಕ್ಕೆ ಅವರು, ಹೆಂಡತಿಗೆ ಶ್ರಮ ತಪ್ಪಲಿ ಎಂಬ ಸದುದ್ದೇಶದಿಂದ, ಕಂಪ್ಯೂಟರಿನಲ್ಲಿಯೇ ತಿರುಗಿಸಿ ತಂದುಕೊಟ್ಟರು. ತಿರುಗುಮುರುಗಾದ ಅಕ್ಷರಗಳನ್ನು ಕಂಡು ನಾನು ‘ಸರಿ, ಹೀಗೆಯೇ ಇರಬೇಕು’ ಎಂದು ತಲೆಯಾಡಿಸಿ, ಅಭ್ಯಾಸಬಲದಿಂದ ಇನ್ನೊಮ್ಮೆ ಬೋರಲು ಹಾಕಿದೆ. ಒಂಬತ್ತು ದಿನ ಕೆತ್ತಿದೆ. ಈ ಸಲ ಅಕ್ಷರಗಳು ಎಷ್ಟು ಸಲೀಸಾಗಿ ಓದಿಸಿಕೊಳ್ಳುತ್ತಿವೆ ಎಂದು ಸಂತೋಷಪಟ್ಟೆನೇ ಹೊರತು, ಲಿನೋ ಮೇಲಿನ ಅಕ್ಷರ ಓದಲು ಬರಲೇಬಾರದು ಎಂಬ ನಿಯಮ ನೆನಪಿಗೆ ಬರಲಿಲ್ಲ.

ಮೊದಲ ಪ್ರೂಫ್ ತೆಗೆದು ಬೆಳಕಿಗೆ ಹಿಡಿದಾಗ ಅತ್ತೆಯವರು ಕನ್ನಡಕವನ್ನು ಸರಿಪಡಿಸಿಕೊಂಡು, “ಇದ್ಯಾವ ಭಾಷಾ? ತೆಲುಗೇನ?” ಎಂದರು.

ಕನ್ನಡದಲ್ಲಿ ತಿರುಗಿಸಿದರೂ ಮಾನ ಉಳಿಸಿಕೊಳ್ಳುವುದು ಸೊನ್ನೆಯೊಂದೇ, ಮತ್ತು ‘ಬಾಡಿಗೆಗೆ ಇದೆ’ ಎಂಬುದರಲ್ಲಿ ಸೊನ್ನೆಯೇ ಇಲ್ಲ. ಹಿಂದೆ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುತ್ತಿದ್ದವರು ಇಂಥ ಅಕ್ಷರಗಳನ್ನು ಪುಟಗಟ್ಟಲೆ ಸರಾಗವಾಗಿ ಓದುತ್ತಿದ್ದರೆಂಬುದನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. 1796ರ ಸುಮಾರಿಗೆ ಕಲ್ಲಚ್ಚನ್ನು ಕಂಡುಹಿಡಿದ ಸೆನೆಫೆಲ್ಡರನಿಗೂ ತಿರುಗುವ ಅಕ್ಷರಗಳ ಕಾಟ ತಪ್ಪಿರಲಿಲ್ಲ. ಕಾಗದದ ಮೇಲೆ ನೇರವಾಗಿ ಬರೆದು ಕಲ್ಲಿಗೆ ಇಳಿಸುವ ಉಪಾಯವನ್ನು ಅವನೇ ಹುಡುಕಿದ. ಅಗಸರ ಲೆಕ್ಕ ಬರೆಯಲು ಕಾಗದ ಸಿಗದೆ ಕಲ್ಲಿನ ಮೇಲೆ ಗೀಚಿದ್ದೇ ಅವನ ಸಂಶೋಧನೆಗೆ ನಾಂದಿಯಾಯಿತಂತೆ. ನಮ್ಮ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಆ ಕಲ್ಲಚ್ಚಿನಲ್ಲಿಯೇ. ಬಟ್ಟೆಗೂ ಅಚ್ಚಿಗೂ ಇರುವ ಈ ಹಳೆಯ ನಂಟು ನನ್ನ ಮನೆಯಲ್ಲಿಯೂ ಮುಂದುವರಿಯಲಿತ್ತು.

ಮನೆ ತಿರುಗಿದ್ದನ್ನು ಹಾಗೆಯೇ ಬಿಟ್ಟೆ. ಸಂಪಿಗೆ ಮರ ಬಲಕ್ಕೆ ಬಂದದ್ದನ್ನು ವಾಸ್ತುವಿನವರಲ್ಲದೆ ಇನ್ನಾರೂ ಆಕ್ಷೇಪಿಸಲಾರರು. ಫಲಕಕ್ಕೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದೆ: ಅಷ್ಟು ಭಾಗವನ್ನು ಚೌಕವಾಗಿ ಕೊರೆದು ತೆಗೆದು, ಬೇರೊಂದು ಹಾಳೆಯ ತುಂಡಿನಲ್ಲಿ ಅಕ್ಷರಗಳನ್ನು ಹೊಸದಾಗಿ ಕೆತ್ತಿ ಆ ಜಾಗಕ್ಕೆ ಅಂಟಿಸಿದೆ. ಹೊಸ ತುಂಡು ಕೂದಲೆಳೆಯಷ್ಟು ದಪ್ಪವಾಗಿತ್ತು. ಕೂದಲೆಳೆ ತಾನೇ ಎಂದುಕೊಂಡೆ.

ಗಾಜಿನ ಮೇಲೆ ಶಾಯಿ ಹಾಕಿ ರೋಲರ್ ಎಳೆಯುವಾಗ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬಬೇಕು. ಶಾಯಿ ಹೆಚ್ಚಾಗಿದ್ದರೆ ಪಚಪಚ ಎನ್ನುತ್ತದೆ. ಹದಕ್ಕೆ ಬಂದಾಗ, ಕಾದ ದೋಸೆಹಂಚಿಗೆ ನೀರು ಚಿಮುಕಿಸಿದಾಗ ಏಳುವ ‘ಸುಂಯ್’ ಎಂಬ ಸದ್ದಿಗೆ ತಿರುಗುತ್ತದೆ. ಆ ಸದ್ದು ಬರುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯವರು ಮೇಲೆ ಬಂದು, ಮಗಳ ಆರತಕ್ಷತೆಯ ಕಾರ್ಡು 300 ಬೇಕು, ಎಷ್ಟಾಗಬಹುದು ಎಂದು ಕೇಳಿದರು. ಒಂದು ಪ್ರತಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ ಎಂದೆ. ಮಷಿನ್ ರಿಪೇರಿ ಮಾಡಿಸಿ ಎಂದು ಹಿತವಚನ ಹೇಳಿ ಇಳಿದುಹೋದರು.

ಮಷಿನ್ ಎಂದರೆ ಅಡುಗೆಮನೆಯಿಂದ ಕದ್ದು ತಂದ ದೊಡ್ಡ ಸ್ಟೀಲ್ ಚಮಚ. ಲಿನೋ ಮೇಲೆ ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ಅಂಗುಲ ಅಂಗುಲವಾಗಿ ಉಜ್ಜಬೇಕು. ಪ್ರತಿಗಳೆಲ್ಲವೂ ಒಂದೇ ರೀತಿ ಇರಬೇಕೆಂಬುದು ಶಾಸ್ತ್ರ. ನನ್ನ ಬಲತೋಳಿಗೆ ಆ ಶಾಸ್ತ್ರ ಐದನೆಯ ಪ್ರತಿಯವರೆಗೆ ಮಾತ್ರ ಮಾನ್ಯ. ಏಳನೆಯದರಲ್ಲಿ ಮಲ್ಲೇಶ್ವರಕ್ಕೆ ಮಂಜು ಕವಿದಿತ್ತು. ಎಂಟನೆಯದರ ಅಂಚಿನಲ್ಲಿ, ಚಮಚವನ್ನು ಹುಡುಕಿಕೊಂಡು ಬಂದ ಅತ್ತೆಯವರ ಹೆಬ್ಬೆಟ್ಟು ಸ್ಪಷ್ಟವಾಗಿ ಮೂಡಿದೆ.

ಹನ್ನೆರಡನ್ನೂ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ದಿನವೇ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅಗಸೆ ಎಣ್ಣೆಯ ಶಾಯಿ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಚಳಿ ಜಡಿಮಳೆಗಳಲ್ಲಿ ಇನ್ನಷ್ಟು ಸೋಮಾರಿಯಾಗುತ್ತದೆ. ನಾಲ್ಕನೆಯ ದಿನ ಷರತ್ತಿನ ಪ್ರಕಾರ ಬಟ್ಟೆಗಳು ಮೇಲೆ ಬಂದವು. ನಾನು ಇಲ್ಲದ ವೇಳೆಯಲ್ಲಿ, ಪಕ್ಕದ ಹಗ್ಗದಲ್ಲಿ ನಮ್ಮವರ ಬಿಳಿ ಶರಟು ತೂಗಿತು. ರಾತ್ರಿ ಗಾಳಿಗೆ ಎರಡೂ ಅಪ್ಪಿಕೊಂಡವು. ಚಿತ್ರದ ಉಳಿದ ಭಾಗವೆಲ್ಲ ಒಣಗಿತ್ತು. ಕೂದಲೆಳೆ ದಪ್ಪವಿದ್ದ ಕಾರಣಕ್ಕೆ ಹೆಚ್ಚು ಶಾಯಿ ಕುಡಿದಿದ್ದ ಫಲಕವೊಂದೇ ಹಸಿಯಾಗಿತ್ತು.

ಬೆಳಿಗ್ಗೆ ಅವಸರದಲ್ಲಿ ಅದನ್ನು ತೊಟ್ಟು ಅವರು ಆಫೀಸಿಗೆ ಹೊರಟರು. ಶರಟಿನ ಬೆನ್ನ ಮೇಲೆ ಮೂಡಿದ್ದ ಅಕ್ಷರಗಳು ಮತ್ತೊಮ್ಮೆ ತಿರುಗಿದ್ದರಿಂದ ಮೆಟ್ರೋದಲ್ಲಿ ಅದು ಯಾವುದೋ ಫ್ಯಾಷನ್ ಎಂದು ಜನ ಸುಮ್ಮನಾಗಿರಬೇಕು. ಆದರೆ ಅವರ ಆಫೀಸಿನ ಲಿಫ್ಟಿನಲ್ಲಿ ಮೂರು ಕಡೆ ಕನ್ನಡಿ. ಕನ್ನಡಿಗೆ ಬೆನ್ನು ಹಾಕಿ ನಿಂತ ಗಂಡಸಿನ ಹಿಂದೆ ‘ಬಾಡಿಗೆಗೆ ಇದೆ’ ಎಂಬುದು ನೇರವಾಗಿ, ಸ್ಪಷ್ಟವಾಗಿ, ಒಂದು ಅಕ್ಷರವೂ ಅಳುಕದೆ ಓದಿಸಿಕೊಂಡಿತಂತೆ. ಏಳನೆಯ ಮಹಡಿ ತಲುಪುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ತಿಂಗಳಿಗೆ ಎಷ್ಟು ಎಂದು ವಿಚಾರಿಸಿದ್ದರು. ಸಂಜೆ ಮನೆಗೆ ಬಂದು ಅವರು ಹೆಚ್ಚೇನೂ ಮಾತಾಡಲಿಲ್ಲ. ಫ್ಲಿಪ್ ಮಾಡಿದ್ದು ಯಾರು ಎಂಬ ಪ್ರಶ್ನೆಯನ್ನು ನಾನೂ ಎತ್ತಲಿಲ್ಲ.

ಸಂತೆಗೆ ಹನ್ನೊಂದು ಪ್ರತಿಗಳನ್ನು ಒಯ್ದೆ. ಆ ವೇಳೆಗೆ ಮಲ್ಲೇಶ್ವರದ ಮನೆಯನ್ನು ಕೆಡವಿ ತಗಡಿನ ಬೇಲಿ ಹಾಕಿದ್ದರು. ಮಧ್ಯಾಹ್ನದವರೆಗೆ ಜನ ನೋಡಿ ಮುಂದೆ ಹೋದರು. ಆಮೇಲೆ ಬೆನ್ನಿಗೆ ಬ್ಯಾಗ್ ಹಾಕಿದ್ದ ಇಬ್ಬರು ಹುಡುಗರು ಬಂದು, ಮಂಜು ಕವಿದ ಏಳನೆಯ ಪ್ರತಿಯ ಮುಂದೆ ಬಹಳ ಹೊತ್ತು ನಿಂತರು. ನಾನು ಸೆರಗು ಸರಿಪಡಿಸಿಕೊಂಡು ಎದ್ದೆ.

“ಮೇಡಂ, ಈ ಮನೆ ಎಲ್ಲಿದೆ? ಅಡ್ವಾನ್ಸ್ ಹತ್ತು ತಿಂಗಳದ್ದಾ? ಬ್ಯಾಚುಲರ್ಸ್‌ಗೆ ಕೊಡ್ತಾರಾ?”

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದ ಕುರ್ಚಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆಯವರು ಅವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, “ಹಿಂದಿನ ಮನಿ ಯಾಕ ಬಿಟ್ರಿ, ಅದನ್ನ ಮೊದಲ ಹೇಳ್ರಿ” ಎಂದರು.